ಬರಾಯೆ

ದಫ್ತರದ ಕೋಣೆಗೆ ಕಿಟಕಿ ಒಂದೇ.
ಶಹಾಬಾದಿ ಫರಸಿಯ ಮೇಲೆ ಬರಿಗಾಲಲ್ಲಿ ನಿಂತು
ಕಟ್ಟು ಬಿಚ್ಚುತ್ತೇನೆ.
ಕೆಂಪು ಬಟ್ಟೆ ಈಗ ಕೆಂಪಲ್ಲ,
ತೊಗರಿಬೇಳೆ ತೊಳೆದ ನೀರಿನ ಬಣ್ಣ.
ಹೊರಗೆ ಕಲಬುರಗಿಯ ಮೇ ತಿಂಗಳು
ತಗಡಿನ ಮೇಲೆ ಟಣ್ಣೆನ್ನುತ್ತಿದೆ.

ಉರ್ದು ಓದಬಲ್ಲವಳು ಈ ಕಚೇರಿಯಲ್ಲಿ ನಾನೊಬ್ಬಳೆ.
ಕಲಿಸಿದವನು ಅಜ್ಜ, ಸಾಯಬಣ್ಣ,
ನಾಯಬ್ ಸುಬೇದಾರರ ಬಾಗಿಲಲ್ಲಿ
ಹನ್ನೊಂದು ವರ್ಷ ನಿಂತವನು.
ದೊಡ್ಡ ಸಾಹೇಬರ ಬಾಗಿಲಿಗೆ ಇಬ್ಬರು ಜವಾನರು,
ಎದೆಗೆ ಹಿತ್ತಾಳೆ ಬಿಲ್ಲೆ.
ನಾಯಬರ ಬಾಗಿಲಿಗೆ ಅಜ್ಜ, ಬಿಲ್ಲೆ ಇಲ್ಲದೆ.
"ಛಲೋ ಆತು ಬಿಡವ್ವ,
ಬಿಸಲಾಗ ಎದಿ ಸುಡತಿತ್ತು" ಅಂತಿದ್ದ.

ಪ್ರತಿ ಹಾಳೆಯ ಬುಡದಲ್ಲಿ
ಬಲದಿಂದ ಎಡಕ್ಕೆ ಅದೇ ಪದ:
ಬರಾಯೆ.
ಸುಬೇದಾರ ಸಾಹೇಬರ ಪರವಾಗಿ.
ಅದರ ಕೆಳಗೊಂದು ಸಣ್ಣ ಸಹಿ,
ನಡುರಾತ್ರಿ ಪರರ ಮನೆಯ ಕದ
ತಟ್ಟಿದಷ್ಟು ಮೆಲ್ಲಗೆ.

ಬಾವಿಗೆ ಮಂಜೂರಿ, ಬರಾಯೆ.
ಎಮ್ಮೆ ಕಳವಿನ ತನಿಖೆ, ಬರಾಯೆ.
ಚಿತ್ತಾಪುರದ ಚೌಕಿ ಕೇಳಿದ್ದು ಎರಡು ಕಂದೀಲು,
ಕೊಟ್ಟಿದ್ದು ಒಂದು, ಬರಾಯೆ.
ಶಿಕಾರಿಗೆ ಹೋದ ದೊಡ್ಡವರ ಕುದುರೆಗೆ ಹುರುಳಿ,
ಅದೂ ಬರಾಯೆ.

ಕನ್ನಡದಲ್ಲಿ ಇವರಿಗೇನೆನ್ನುವುದು?
ಉಪ ಅಂದುಕೊಂಡೆ.
ಒತ್ತೂ ಕೊಂಬೂ ಕಳಚಿದ ಉಪ್ಪು.
ಇದ್ದರೆ ಯಾರೂ ಹೆಸರೆತ್ತರು,
ಇಲ್ಲದ ದಿನ ತಾಟು ಸರಿಸಿ ಏಳುತ್ತಾರೆ.

ಹೆಸರು ವಜಾಹತ್ ಮಿರ್ಜಾ.
ದೊಡ್ಡ ಕುರ್ಚಿ ತಿಂಗಳುಗಟ್ಟಲೆ ಖಾಲಿ ಇದ್ದರೂ
ಅದರಲ್ಲಿ ಕೂರಲಿಲ್ಲವಂತೆ.
ತನ್ನ ಕೈಯಿಲ್ಲದ ಕುರ್ಚಿಯನ್ನು ಬದಿಗೆಳೆದು ಕೂತು
ಖಾಲಿ ಕುರ್ಚಿಯ ಕಡೆಗೊಮ್ಮೆ ನೋಡಿ
ಆಮೇಲೆ ಟಾಕು ಅದ್ದುವರು.
ಬೆಕ್ಕಿಗೆ ಮಾತ್ರ ಅಂಥ ಅದಬು ಇರಲಿಲ್ಲ.
ಮೂರು ಮರಿ ಹಾಕಿತ್ತು ಆ ಮಖಮಲ್ಲಿನಲ್ಲೇ.
"ಓಡಸ್ಲೇನ್ರೀ?" ಅಂದರೆ
"ಇರಲಿ ಸಾಯಬಣ್ಣ,
ಕುರ್ಚಿ ಬೆಚ್ಚಗಿರತದ."

ಮುಂದಿನ ಕಟ್ಟಿನಲ್ಲಿ ಭೀಮೆ ಉಕ್ಕುತ್ತಾಳೆ.
ಹಾಳೆಗಳಿಗೆ ಇನ್ನೂ ಕೆಸರಿನ ವಾಸನೆ,
ಅಥವಾ ನನ್ನ ಭ್ರಮೆ.
ದಂಡೆಯ ಹಳ್ಳಿಗಳು ಗುಡ್ಡ ಹತ್ತಿವೆ,
ತಂತಿ ಹರಿದಿದೆ, ದೊಡ್ಡವರು ಹೈದರಾಬಾದಿನಲ್ಲಿ.
ಸರಕಾರಿ ಕಣಜಕ್ಕೆ ಬೀಗ,
ಬೀಗದ ಮೇಲೆ ಸುಬೇದಾರರ ಮುದ್ರೆ.

ಅವತ್ತಿನ ಹುಕುಂ ಒಂದೇ ಸಾಲು:
ಮುದ್ರೆ ಒಡೆಯಿರಿ, ಜೋಳ ಅಳೆಯಿರಿ.
ಕೆಳಗೆ ವಜಾಹತ್ ಮಿರ್ಜಾ.
ಬರಾಯೆ ಇಲ್ಲ.

ಯಾಕೆ?
ಕಂದೀಲು ಆರಿತ್ತು, ಅವಸರದಲ್ಲಿ ಬಿಟ್ಟುಹೋಯಿತು
ಅಂತ ಅಜ್ಜ ಒಮ್ಮೆ ಹೇಳಿದ.
ಇನ್ನೊಮ್ಮೆ, ಬರೆಯುವ ಮುಂಚೆ ಅವರು
ಆ ಕುರ್ಚಿಯ ಕಡೆ ನೋಡಲೇ ಇಲ್ಲ ಅಂದ.
ಎರಡೂ ಸಲ ಅವನು ತಂಬಾಕು ತಿಕ್ಕುತ್ತಿದ್ದ.

ನೀರಿಳಿದ ಮೇಲೆ ಬಂದ ಕಾಗದ ದಪ್ಪ, ನುಣುಪು.
ನಾಲ್ಕುನೂರ ಹನ್ನೆರಡು ಚೀಲ.
ಯಾರ ಪರವಾಗಿ?

ಜವಾಬು ಒಂಬತ್ತು ಹಾಳೆ.
ಸಮಜಾಯಿಷಿ ಇಲ್ಲ, ಸಲಾಮೂ ಇಲ್ಲ.
ಹಣಮವ್ವ, ಎರಡು ಸೇರು.
ಖಾಜಾಬಿ, ಮೂರು ಸೇರು, ಬಾಣಂತಿ.
ಕುಂಟ ಮಾಪಣ್ಣ.
ಹೆಸರು ಹೇಳದ ಮುದುಕ.
ಗಾಣಿಗರ ನಾಗಮ್ಮ, ಸೊಸೆಯಂದಿರಿಬ್ಬರು.
ಒಂದೊಂದರೆದುರು ಒಂದೊಂದು ಹೆಬ್ಬೆಟ್ಟು,
ಒಣಗಿದ ಕೆರೆಯ ಹಾಗೆ ಗೆರೆಗೆರೆ.
ಕೊನೆಯದು ಸಾಯಬಣ್ಣ, ಜವಾನ, ಎರಡು ಸೇರು.
ಆಗಿನ್ನೂ ಅವನಿಗೆ ಅಕ್ಷರವಿರಲಿಲ್ಲ.

ಆಮೇಲೆ ವರ್ಗದ ಹುಕುಂ.
ಊರಿನ ಹೆಸರಿದ್ದ ಮೂಲೆ ಗೆದ್ದಲಿಗೆ ಹೋಗಿದೆ.
ಟಾಂಗಾ ಏರುವ ಮುಂಚೆ ಅವರು
ಒಂದು ಪದ ಬರೆದುಕೊಟ್ಟರಂತೆ ಅಜ್ಜನಿಗೆ, ತಿದ್ದು ಅಂತ.
ಯಾವ ಪದ ಅಂತ ನಾನು ಕೇಳಲಿಲ್ಲ,
ಆಗ ನನಗೆ ಏಳು ವರ್ಷ, ಜಂಪರಿನ ತುಂಬ ಬಾರಿಹಣ್ಣು.

ಕಟ್ಟು ಕಟ್ಟಿದೆ. ಧೂಳಿಗೆ ಎರಡು ಸಲ ಸೀನಿದೆ.
ಹಾಳೆಗಳ ಲೆಕ್ಕ ನಮೂನೆಯಲ್ಲಿ ತುಂಬಿ
ಕೆಳಗೆ ಸಹಿ ಹಾಕಬೇಕು.
ಮೇಲಿನವರು ರಜೆಯಲ್ಲಿದ್ದಾರೆ.
ಪರವಾಗಿ ಅಂತ ಮೊದಲೇ ಅಚ್ಚಾಗಿದೆ.

ಪೆನ್ನಿನ ಮುಚ್ಚಳ ತೆಗೆದು
ಸ್ವಲ್ಪ ಹೊತ್ತು ಕೂತೆ.